ಬಾಣಂತನದ ಖರ್ಚು ಯಾರದು?

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಏಳನೇ ತಿಂಗಳಿಗೋ ಒಂಬತ್ತಕ್ಕೋ ಕುಬುಸ ಮಾಡಿ ಮಗಳನ್ನು ಕರೆತರುತ್ತಾರೆ. ಆಸ್ಪತ್ರೆ ಖರ್ಚು, ಅಂಟಿನುಂಡೆಗೆ ಬೇಕಾದ ಕೊಬ್ಬರಿ, ಉತ್ತತ್ತಿ, ತುಪ್ಪ, ದಿನಾ ಎಣ್ಣೆ ನೀರು, ಕೂಸಿಗೆ ತೊಟ್ಟಿಲು, ಕಡೆಗೆ ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಿ ಸೀರೆ. ಎಲ್ಲವೂ ತವರಿನ ಲೆಕ್ಕಕ್ಕೆ. ಮೂರು ತಿಂಗಳೋ ಐದು ತಿಂಗಳೋ ಆಕೆ ಯಾರ ಮನೆಯ ಸೊಸೆಯೂ ಅಲ್ಲ, ಮಗಳು. ನೀರು ಹೊರುವಂತಿಲ್ಲ, ಕಸ ಗುಡಿಸುವಂತಿಲ್ಲ. ಯಾವ ಸರ್ಕಾರವೂ ಕೊಡದ, ಯಾವ ಕಾಗದದಲ್ಲೂ ಬರೆಯದ ಹೆರಿಗೆ ರಜೆ ಇದು.

ಆದರೆ ಇದು ಎಲ್ಲರಿಗೂ ಸಿಗುವ ರಜೆಯಲ್ಲ. ಎರಡನೇ ಹೆರಿಗೆಗೆ ಈ ಉಪಚಾರ ಅರ್ಧಕ್ಕೆ ಇಳಿಯುತ್ತದೆ. ತವರಲ್ಲಿ ಅವ್ವ ಇಲ್ಲದವಳಿಗೆ ಇನ್ನೂ ಕಡಿಮೆ. ಅವ್ವನೇ ದಿನಗೂಲಿಗೆ ಹೋಗುವವಳಾದರೆ ಮಗಳ ಬಾಣಂತನ ಮಾಡಲು ಅವಳು ಕೂಲಿ ಬಿಡಬೇಕು. ಅಂದರೆ ಒಂದು ಹೆರಿಗೆಗೆ ಎರಡು ಕೂಲಿ ಹೋಗುತ್ತದೆ.

ಕೆಲವು ದಿನಗಳ ಹಿಂದೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂತು. ಯಾವ ದೇಶದಲ್ಲಿ ಹೆರಿಗೆ ರಜೆ ಎಷ್ಟು ವಾರ ಎಂಬ ಪಟ್ಟಿ. ಸ್ವೀಡನ್ನಿನಲ್ಲಿ ಗಂಡನಿಗೂ ಉಂಟಂತೆ, ಬಲ್ಗೇರಿಯಾದಲ್ಲಿ ವರ್ಷಕ್ಕಿಂತ ಜಾಸ್ತಿಯಂತೆ, ಅಮೆರಿಕದಲ್ಲಿ ಸೊನ್ನೆಯಂತೆ. ನಮ್ಮ ದೇಶದ ಮುಂದೆ 26 ವಾರ ಎಂದು ಬರೆದು ಒಂದು ಧ್ವಜದ ಚಿತ್ರ ಹಾಕಿದ್ದರು. ಓದಿದವರು ಹೆಮ್ಮೆಯ ಇಮೋಜಿ ಕಳಿಸಿದರು. ಪಟ್ಟಿಯಲ್ಲಿ ತಪ್ಪು ಹೆಚ್ಚೇನೂ ಇರಲಿಲ್ಲ. ಆದರೆ ಅದರಲ್ಲಿ ಒಂದು ಕಾಲಂ ಬಿಟ್ಟುಹೋಗಿತ್ತು: ಆ ದುಡ್ಡು ಯಾರ ಜೇಬಿನಿಂದ ಬರುತ್ತದೆ? ಅದನ್ನು ಹುಡುಕಿಕೊಂಡು ಹೊರಟರೆ ಕತೆ 160 ವರ್ಷ ಹಿಂದಕ್ಕೆ ಹೋಗುತ್ತದೆ.

ಶುರುವಾಗುವುದು ಸ್ವಿಟ್ಜರ್ಲೆಂಡಿನಿಂದ. ಅಲ್ಲಿ ಗ್ಲಾರಸ್ ಎಂಬ ಪುಟ್ಟ ಪ್ರಾಂತ್ಯದಲ್ಲಿ ಹತ್ತಿ ಬಟ್ಟೆಯ ಕಾರ್ಖಾನೆಗಳು ತುಂಬಾ ಇದ್ದವು. ಹೆತ್ತ ಹೆಂಗಸರನ್ನು ಆರು ವಾರ ಕಾರ್ಖಾನೆಗೆ ಸೇರಿಸಬಾರದು ಎಂದು 1864ರಲ್ಲೇ ಅಲ್ಲಿ ಕಾನೂನು ಬಂತು. 1877ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾರ್ಖಾನೆ ಕಾಯ್ದೆ ಬಂದು, ಹೆರಿಗೆಯ ಹಿಂದೆ ಮುಂದೆ ಸೇರಿ 8 ವಾರ ಕೆಲಸ ಮಾಡುವಂತಿಲ್ಲ ಎಂದಿತು. ಕೇಳಲು ಚೆನ್ನಾಗಿದೆ. ಆದರೆ ಆ 8 ವಾರಕ್ಕೆ ಒಂದು ಬಿಡಿಗಾಸೂ ಇರಲಿಲ್ಲ. ಬಡ ಹೆಂಗಸಿಗೆ ಇದು ರಜೆಯಲ್ಲ, ಕೆಲಸಕ್ಕೆ ಬರಬೇಡ ಎಂಬ ಆದೇಶ. ಮನೆಯಲ್ಲಿ ಒಲೆ ಹೇಗೆ ಉರಿಯಬೇಕು ಎಂದು ಕಾನೂನು ಕೇಳಲಿಲ್ಲ. ಪಕ್ಕದ ಜರ್ಮನಿ 1878ರಲ್ಲಿ ಮೂರು ವಾರದ ಇಂಥದೇ ನಿಯಮ ತಂದಿತು. ಆದರೆ ಐದೇ ವರ್ಷಕ್ಕೆ, 1883ರಲ್ಲಿ, ಬಿಸ್ಮಾರ್ಕ್ ಕಾಲದ ಆರೋಗ್ಯ ವಿಮೆ ಕಾಯ್ದೆ ಬಂದಾಗ ವಿಮೆಗೆ ಸೇರಿದ ಹೆಂಗಸರಿಗೆ ಆ ಮೂರು ವಾರಕ್ಕೆ ಒಂದಿಷ್ಟು ಹಣವೂ ಸಿಗತೊಡಗಿತು. ಕೆಲಸಗಾರರೂ ಮಾಲೀಕರೂ ಸೇರಿ ಕಟ್ಟಿದ ವಿಮೆಯ ಹಣ ಅದು. ಹೆರಿಗೆಯ ಖರ್ಚನ್ನು ಒಬ್ಬರ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಳ್ಳುವ ದಾರಿ ಅಲ್ಲಿ ಮೊದಲು ಕಂಡಿತು.

ಸ್ವಿಟ್ಜರ್ಲೆಂಡಿನ ಮುಂದಿನ ಕತೆ ಕೇಳಿ. ಹೆರಿಗೆ ವಿಮೆ ತರಬೇಕು ಎಂದು 1945ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡರು. ಅದಕ್ಕೆ ಮತ ಹಾಕಿದವರೆಲ್ಲ ಗಂಡಸರು, ಏಕೆಂದರೆ ಅಲ್ಲಿ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದಾನದ ಹಕ್ಕು ಬಂದದ್ದೇ 1971ರಲ್ಲಿ. ಸಂವಿಧಾನದಲ್ಲಿ ಬರೆದದ್ದು ಅಲ್ಲೇ ಉಳಿಯಿತು. ಆ ದೇಶದಲ್ಲಿ ದೊಡ್ಡ ತೀರ್ಮಾನಗಳಿಗೆ ಜನರೇ ಮತ ಹಾಕುವ ಪದ್ಧತಿ ಇದೆ. 1984, 1987, 1999, ಮೂರು ಸಲವೂ ಇದಕ್ಕೆ ಸಂಬಂಧಿಸಿದ ಪ್ರಸ್ತಾವ ಜನರ ಮುಂದೆ ಹೋಗಿ ಸೋತಿತು. ಕೊನೆಗೆ 2004ರಲ್ಲಿ ಗೆದ್ದಿತು. 2005ರ ಜುಲೈಯಿಂದ 14 ವಾರ, ಶೇ. 80ರಷ್ಟು ಸಂಬಳ. ಸಂವಿಧಾನಕ್ಕೆ ಸೇರಿ 60 ವರ್ಷದ ಮೇಲೆ!

ಅದು ಗೆದ್ದದ್ದು ಹೇಗೆ ಎನ್ನುವುದೇ ಸ್ವಾರಸ್ಯ. ಅಲ್ಲಿ ಗಂಡಸರಿಗೆ ಸೈನ್ಯದ ಸೇವೆ ಕಡ್ಡಾಯ. ಸೈನ್ಯದ ತರಬೇತಿಗೆ ಹೋದಾಗ ತಪ್ಪುವ ಸಂಬಳವನ್ನು ತುಂಬಿಕೊಡಲು ಎರಡನೇ ಮಹಾಯುದ್ಧದ ಕಾಲದಿಂದ ಒಂದು ನಿಧಿ ಇತ್ತು. ದುಡಿಯುವ ಹೆಂಗಸರೂ ಆ ನಿಧಿಗೆ ತಮ್ಮ ಸಂಬಳದಿಂದ ಕಟ್ಟುತ್ತಿದ್ದರು, ಆದರೆ ಸೈನ್ಯಕ್ಕೆ ಹೋಗದ ಅವರಿಗೆ ಅದರಿಂದ ಬರುತ್ತಿದ್ದದ್ದು ಇಲ್ಲವೆನ್ನುವಷ್ಟು. 2004ರಲ್ಲಿ ಹೊಸ ನಿಧಿ ಮಾಡಲಿಲ್ಲ. ಸೈನಿಕರ ಆ ನಿಧಿಯಿಂದಲೇ ಬಾಣಂತಿಯರಿಗೂ ಕೊಡೋಣ ಎಂದರು. ಜನ ಒಪ್ಪಿದರು. ಈಗ ಗಂಡು ಬಂದೂಕು ಹಿಡಿದ ದಿನಕ್ಕೂ ಹೆಣ್ಣು ಕೂಸು ಹಿಡಿದ ದಿನಕ್ಕೂ ಒಂದೇ ನಿಧಿಯಿಂದ ದುಡ್ಡು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕತೆ ಶುರುವಾಗುವುದು ಅಮೆರಿಕದ ವಾಷಿಂಗ್ಟನ್ನಿನಿಂದ ಎಂದರೆ ನಂಬುತ್ತೀರಾ? 1919ರ ಕೊನೆಗೆ ಅಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಕಾರ್ಖಾನೆ ಹೆಂಗಸರಿಗೆ 12 ವಾರ ಹೆರಿಗೆ ರಜೆ ಕೊಡಬೇಕು, ಅವಳಿಗೂ ಕೂಸಿಗೂ ಸಾಕಾಗುವಷ್ಟು ಹಣ ಕೊಡಬೇಕು ಎಂದು ಅಲ್ಲಿ ಒಪ್ಪಂದವಾಯಿತು. ಹಣ ಎಲ್ಲಿಂದ ಎಂಬುದನ್ನೂ ಅಲ್ಲೇ ಬರೆದರು: ಸರ್ಕಾರದ ಬೊಕ್ಕಸದಿಂದ, ಇಲ್ಲವೇ ವಿಮೆಯಿಂದ. ಮಾಲೀಕ ತನ್ನ ಕೈಯಿಂದ ಕೊಡಬೇಕು ಎಂದು ಎಲ್ಲೂ ಇಲ್ಲ. ಹೆಂಗಸೊಬ್ಬಳು ಬಸುರಿಯಾದರೆ ತನ್ನ ಗಂಟು ಹೋಗುತ್ತದೆ ಎಂದಾದರೆ ಯಾವ ಮಾಲೀಕ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ? 100 ವರ್ಷ ಹಿಂದೆಯೇ ಅವರಿಗೆ ಇದು ಹೊಳೆದಿತ್ತು.

ಆ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋದವರು ಮುಂಬೈಯ ಎನ್.ಎಂ. ಜೋಶಿ. ಬ್ರಿಟಿಷ್ ಭಾರತ ಸರ್ಕಾರ ಒಪ್ಪಂದಕ್ಕೆ ಸೇರಲಿಲ್ಲ. ಮೊದಲು ನಿಮ್ಮ ದೇಶದ ಹೆಂಗಸರ ಸ್ಥಿತಿ ಏನೆಂದು ವಿಚಾರಿಸಿ ವರದಿ ಕೊಡಿ ಎಂದು ಸಮ್ಮೇಳನ ಕೇಳಿಕೊಂಡಿತು.

ಸ್ಥಿತಿ ಏನಿತ್ತು? 1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬೈಯ ಗಿರಣಿ ಹೆಂಗಸರ ಮನೆಗಳಿಗೆ ಸಂಬಂಧಿಸಿ ಮಾಡಿದ ವಿಚಾರಣೆ ಅದನ್ನು ಹೇಳುತ್ತದೆ. ಗಿರಣಿಗೆ ಹೋಗುವ ತಾಯಂದಿರ ಕೂಸುಗಳಲ್ಲಿ 100ಕ್ಕೆ 98ಕ್ಕೆ ಅಫೀಮು ತಿನ್ನಿಸಲಾಗುತ್ತಿತ್ತು. ಕೂಸು ಇಡೀ ದಿನ ಅಳದೆ ಮಲಗಿರಲಿ ಎಂದು ಗುಳಿಗೆ ರೂಪದಲ್ಲಿ ಕೊಡುತ್ತಿದ್ದರು. ಅವರನ್ನು ಕೆಟ್ಟ ತಾಯಂದಿರು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಗಿರಣಿಯ ಕೂಗು ಕೇಳಿದ ಮೇಲೆ ಹೋಗಲೇಬೇಕು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸು ಮಲಗಿಸಿ ಕಳೆ ತೆಗೆಯುವ ತಾಯಿಗೆ ಕೂಸು ಕಣ್ಣಳತೆಯಲ್ಲಾದರೂ ಇರುತ್ತದೆ. ಗಿರಣಿಯ ತಾಯಿಗೆ ಅದೂ ಇರಲಿಲ್ಲ.

ಜೋಶಿಯವರು 1924ರಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಮಂಡಿಸಿದರು. ಮರುವರ್ಷ ಅದು ಬಿದ್ದುಹೋಯಿತು. ಆಮೇಲೆ ಅಂಥದೇ ಮಸೂದೆ ಮುಂಬೈ ಪ್ರಾಂತ್ಯದ ಶಾಸನ ಪರಿಷತ್ತಿಗೆ ಬಂತು. 1928ರ ಜುಲೈಯಲ್ಲಿ ಅದರ ಪರವಾಗಿ ಎದ್ದು ಮಾತಾಡಿದವರಲ್ಲಿ 37 ವರ್ಷದ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ಹೆರಿಗೆಯ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಬೇಕಾದದ್ದು ಎಂಬುದು ಅವರ ವಾದ. ನಮ್ಮ ಪ್ರಶ್ನೆಗೆ ಬೇಕಾದ ಮಾತನ್ನೂ ಅವರು ಅಲ್ಲೇ ಆಡಿದರು. ಈ ಖರ್ಚಿನ ಹೆಚ್ಚಿನ ಭಾರವನ್ನು ಹೊರಬೇಕಾದದ್ದು ಸರ್ಕಾರ, ಜನರ ಕ್ಷೇಮ ಮೊದಲು ಸರ್ಕಾರದ ಹೊಣೆ ಎಂದು ಒಪ್ಪಿಕೊಂಡರು. ಆದರೆ ಸರ್ಕಾರ ಹೊರುವುದಿಲ್ಲ ಎಂದ ಮಾತ್ರಕ್ಕೆ ಮಾಲೀಕರಿಗೆ ಹೊಣೆಯೇ ಇಲ್ಲ ಎನ್ನುವುದನ್ನು ಅವರು ಒಪ್ಪಲಿಲ್ಲ. ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟು ಲಾಭ ಮಾಡಿಕೊಳ್ಳುವವನು ಈ ಖರ್ಚಿನಲ್ಲೂ ಪಾಲು ಹೊರಲಿ ಎಂಬ ಅರ್ಥದ ಮಾತು ಅದು.

1929ರಲ್ಲಿ ಮುಂಬೈ ಹೆರಿಗೆ ಭತ್ಯೆ ಕಾಯ್ದೆ ಬಂತು. ದಿನಕ್ಕೆ 8 ಆಣೆ. ಕೊಡಬೇಕಾದವನು ಮಾಲೀಕ. ಸರ್ಕಾರದ ಪಾಲು ಏನೂ ಇಲ್ಲ. ಅಂಬೇಡ್ಕರ್ ಹೇಳಿದ ಮೊದಲ ಅರ್ಧ ಬಿಟ್ಟುಹೋಗಿ ಎರಡನೇ ಅರ್ಧ ಮಾತ್ರ ಕಾನೂನಾಯಿತು. ಮುಂದೆ ಒಂದೊಂದೇ ಪ್ರಾಂತ್ಯ ಇದೇ ಅಚ್ಚಿನಲ್ಲಿ ಕಾಯ್ದೆ ಮಾಡಿದವು: 1930ರಲ್ಲಿ ಮಧ್ಯಪ್ರಾಂತ್ಯ, 1934ರಲ್ಲಿ ಮದ್ರಾಸು, 1937ರಲ್ಲಿ ನಮ್ಮ ಮೈಸೂರು ಸಂಸ್ಥಾನ, 1939ರಲ್ಲಿ ಬಂಗಾಳ. ಗಣಿಗಳಿಗೆ 1941ರಲ್ಲಿ ಪ್ರತ್ಯೇಕ ಕೇಂದ್ರ ಕಾಯ್ದೆ.

ಮಾಲೀಕರು ಏನು ಮಾಡಿದರು ಎಂದು ಊಹಿಸುವುದು ಕಷ್ಟವಲ್ಲ. ಹೊಟ್ಟೆ ಕಾಣಿಸಿದ ಕೂಡಲೇ ಕೆಲಸದಿಂದ ಬಿಡಿಸುತ್ತಾರೆ, ಮದುವೆಯಾಗದ ಹುಡುಗಿಯರನ್ನೋ ವಿಧವೆಯರನ್ನೋ ಮಾತ್ರ ಇಟ್ಟುಕೊಳ್ಳುತ್ತಾರೆ ಎಂಬ ದೂರು ಆ ಕಾಲದ ಕಾರ್ಮಿಕ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂಬೈ ಗಿರಣಿಗಳಲ್ಲಿ ಹೆಂಗಸರ ಪಾಲು ಮುಂದಿನ ದಶಕಗಳಲ್ಲಿ ಇಳಿಯುತ್ತಲೇ ಹೋಯಿತು. ಅದಕ್ಕೆ ಹೊಸ ಯಂತ್ರಗಳು, ರಾತ್ರಿ ಪಾಳಿಗೆ ಹೆಂಗಸರನ್ನು ಸೇರಿಸಬಾರದೆಂಬ ನಿಯಮ, ಹೀಗೆ ಬೇರೆ ಕಾರಣಗಳೂ ಇದ್ದವು. ಎಲ್ಲಾ ತಪ್ಪನ್ನೂ ಹೆರಿಗೆ ಭತ್ಯೆಯ ಮೇಲೆ ಹಾಕುವುದು ನ್ಯಾಯವಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಎರಡು ದಾರಿ ಒಟ್ಟಿಗೆ ತೆರೆದುಕೊಂಡವು. ಒಂದು, 1948ರ ಇ.ಎಸ್.ಐ. ಕಾಯ್ದೆ. ಕೆಲಸಗಾರರೂ ಮಾಲೀಕರೂ ತಿಂಗಳು ತಿಂಗಳು ಕಟ್ಟಿದ ಹಣದಿಂದ ಕಾಯಿಲೆಗೂ ಹೆರಿಗೆಗೂ ಕೊಡುವುದು. ಜರ್ಮನಿಯ ದಾರಿ ಇದು. ಇನ್ನೊಂದು, ಸಂವಿಧಾನದ 42ನೇ ವಿಧಿಯ ಮಾತಿನಂತೆ 1961ರಲ್ಲಿ ಬಂದ ಹೆರಿಗೆ ಸೌಲಭ್ಯ ಕಾಯ್ದೆ. 12 ವಾರ, ಪೂರ್ತಿ ಕೂಲಿ. ಹೆರಿಗೆಯಾಗಿ ಆರು ವಾರ ಕೆಲಸಕ್ಕೆ ಸೇರಿಸುವಂತಿಲ್ಲ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಸಲ ಬಿಡುವು. ಔಷಧೋಪಚಾರಕ್ಕೆ 25 ರೂಪಾಯಿ, ಈಗ ಅದು 3,500 ಆಗಿದೆ. ಇಲ್ಲಿ ಕೊಡುವವನು ಮತ್ತೆ ಮಾಲೀಕನೇ. ಮುಂಬೈಯ ಅಚ್ಚು ಹಾಗೇ ಮುಂದುವರಿಯಿತು.

ಕಾಗದದ ಮೇಲಿದ್ದ ಈ ಕಾಯ್ದೆಯನ್ನು ಜೀವಂತ ಮಾಡಿದ್ದು ಕೂಲಿ ಹೆಂಗಸರು. ಎರಡು ಪ್ರಕರಣ ಹೇಳುತ್ತೇವೆ.

ಮೊದಲನೆಯದು ತಮಿಳುನಾಡಿನ ಆನೆಮಲೆ ಬೆಟ್ಟದ ಎಸ್ಟೇಟಿನದು. ಅಲ್ಲಿನ ಹೆಂಗಸೊಬ್ಬಳಿಗೆ ಹೆರಿಗೆಯಾಯಿತು. ಎಸ್ಟೇಟಿನವರು ವಾರಕ್ಕೆ ಆರು ದಿನದಂತೆ 12 ವಾರಕ್ಕೆ 72 ದಿನದ ಕೂಲಿ ಕೊಟ್ಟರು. ಭಾನುವಾರ ಹೇಗೂ ಕೂಲಿ ಇಲ್ಲವಲ್ಲ ಎಂಬ ಲೆಕ್ಕ. ಆಕೆ ಒಪ್ಪಲಿಲ್ಲ. ವಾರ ಎಂದರೆ ಏಳು ದಿನ, 84 ದಿನದ ಕೂಲಿ ಕೊಡಿ ಎಂದಳು. 12 ದಿನದ ಕೂಲಿಗಾಗಿ ಆ ಜಗಳ ಕಾರ್ಮಿಕ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1977ರಲ್ಲಿ ಸುಪ್ರೀಂ ಕೋರ್ಟು ಆಕೆಯ ಲೆಕ್ಕವೇ ಸರಿ ಎಂದಿತು. ಬಾಣಂತಿಗೆ ಭಾನುವಾರವೂ ಹಸಿವಾಗುತ್ತದೆ ಎನ್ನುವುದನ್ನು ದೇಶದ ದೊಡ್ಡ ಕೋರ್ಟಿನವರೆಗೆ ಹೋಗಿ ಹೇಳಿಸಬೇಕಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ದುಡಿಯುವ ನಮ್ಮ ಅಕ್ಕಂದಿರಿಗೂ ಆ ತೀರ್ಪು ಅನ್ವಯಿಸುತ್ತದೆ.

ಎರಡನೆಯದು ದೆಹಲಿಯದು. ಅಲ್ಲಿನ ಮಹಾನಗರ ಪಾಲಿಕೆಯಲ್ಲಿ ಕಾಯಂ ನೌಕರರಿಗೆ ಹೆರಿಗೆ ರಜೆ ಇತ್ತು. ಹಾಜರಿ ಪಟ್ಟಿಯ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ಹೆಂಗಸರಿಗೆ ಇರಲಿಲ್ಲ. ಗುಂಡಿ ತೋಡುವುದು, ರಸ್ತೆ ಕೆಲಸ, ಮಣ್ಣು ಹೊರುವುದು ಇವರ ಕೆಲಸ. ವರ್ಷಗಟ್ಟಲೆ ದುಡಿದರೂ ಇವರು ದಿನಗೂಲಿಯವರೇ. ಇವರ ಸಂಘ ಕೇಳಿತು, ಪಾಲಿಕೆ ಇಲ್ಲ ಎಂದಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2000ನೇ ಇಸವಿ ಮಾರ್ಚ್ 8ರಂದು, ಮಹಿಳಾ ದಿನದಂದೇ, ತೀರ್ಪು ಬಂತು. ಕಾಯ್ದೆಯಲ್ಲಿ ಕಾಯಂ ಹೆಂಗಸಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ, ದಿನಗೂಲಿಯವಳಿಗೂ ಹೆರಿಗೆ ರಜೆ ಕೊಡಲೇಬೇಕು ಎಂದು ನ್ಯಾಯಮೂರ್ತಿಗಳು ಹೇಳಿದರು. ಹೊರಗುತ್ತಿಗೆ, ದಿನಗೂಲಿ ಎಂದು ಬೇರೆ ಬೇರೆ ಹೆಸರಲ್ಲಿ ದುಡಿಯುವವರು ನಮ್ಮ ತಾಲ್ಲೂಕು ಕಚೇರಿಗಳಲ್ಲೇ ಎಷ್ಟು ಜನ ಇದ್ದಾರೆ ನೋಡಿ. ಅವರಿಗೆ ಈ ತೀರ್ಪು ಗೊತ್ತಿರಬೇಕು. ಹೆರಿಗೆ ರಜೆ ಕೇಳುವುದಿಲ್ಲ ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದರೂ ಕಾಯ್ದೆಯ ಮುಂದೆ ಆ ಸಹಿಗೆ ಬೆಲೆ ಇಲ್ಲ.

2017ರ ಏಪ್ರಿಲ್ 1ರಿಂದ 12 ವಾರ 26 ವಾರವಾಯಿತು. ಮೊದಲ ಎರಡು ಮಕ್ಕಳಿಗೆ ಮಾತ್ರ. ಮೂರನೆಯದಕ್ಕೆ ಹಳೆಯ 12 ವಾರವೇ. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂಬ ಮಾತೂ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 26 ವಾರ ಉಳಿದಿದೆ. ವಾಟ್ಸಾಪ್ ಪಟ್ಟಿಯ ಧ್ವಜ ಬಂದದ್ದು ಇಲ್ಲಿಂದ. ಆದರೆ ಒಂದು ಸಣ್ಣ ಕಂಪನಿಯ ಮಾಲೀಕನ ಜಾಗದಲ್ಲಿ ಕೂತು ನೋಡಿ. 12 ವಾರದ ಸಂಬಳ ಕೊಡುತ್ತಿದ್ದವನು 26 ವಾರ ಕೊಡಬೇಕು, ಅವಳ ಜಾಗಕ್ಕೆ ಬಂದವನಿಗೂ ಕೊಡಬೇಕು. ಸರ್ಕಾರ ಕಾನೂನು ಮಾಡಿ ಹೆಸರು ತೆಗೆದುಕೊಂಡಿತು, ಬಿಲ್ಲು ಅವನ ಕೈಗೆ ಕೊಟ್ಟಿತು. ಹಾಗಾಗಿ ಕೆಲಸದ ಸಂದರ್ಶನದಲ್ಲಿ ಮದುವೆ ಯಾವಾಗ, ಮಕ್ಕಳ ಯೋಚನೆ ಇದೆಯಾ ಎಂಬ ಪ್ರಶ್ನೆ ಹುಡುಗಿಯರಿಗೆ ಮಾತ್ರ ಬರುತ್ತದೆ. ನಮ್ಮ ಜೊತೆ ಪದವಿ ಮುಗಿಸಿದ ಗೆಳತಿಯರೂ ಆ ಪ್ರಶ್ನೆ ಕೇಳಿಸಿಕೊಂಡವರೇ. ಜೊತೆಗೆ ಓದಿದ ಹುಡುಗರಿಗೆ ಒಬ್ಬರಿಗೂ ಬಂದಿಲ್ಲ.

ಇ.ಎಸ್.ಐ.ಗೆ ಸೇರಿದವರ ಸ್ಥಿತಿ ಬೇರೆ. ಬೆಳಗಿನ ಜಾವ ಊರಿಂದ ಬಸ್ಸು ಹತ್ತಿ ಮದ್ದೂರು, ರಾಮನಗರ, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಸಾವಿರಾರು ಹೆಂಗಸರಿಗೆ ಹೆರಿಗೆ ಹಣ ಕೊಡುವುದು ಮಾಲೀಕನಲ್ಲ, ನಿಗಮ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದಕ್ಕೆ ಸೇರುತ್ತಾರೆ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ, ಅಂದರೆ ಒಂದು ವರ್ಷದಲ್ಲಿ, 70 ದಿನದ ವಂತಿಗೆ ಕಟ್ಟಿರಬೇಕು. 26 ವಾರ ಪೂರ್ತಿ ಸಂಬಳ ಸಿಗುತ್ತದೆ. ಬಸುರಾದ ಕೂಡಲೇ ಕೆಲಸ ಬಿಟ್ಟು ಮನೆಗೆ ಬಂದು ಕೂರುವ ಮೊದಲು ಈ 70 ದಿನದ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಿ.

ಈಗ ಗಂಡಸರ ವಿಷಯ. 1974ರವರೆಗೆ ಜಗತ್ತಿನಲ್ಲಿ ಎಲ್ಲೇ ಹೋದರೂ ಹೆರಿಗೆ ರಜೆ ಎಂದರೆ ತಾಯಿಯದು. ಆ ವರ್ಷ ಸ್ವೀಡನ್ ಹೆಸರೇ ಬದಲಿಸಿತು. ತಾಯಿಯ ರಜೆ ಹೋಗಿ ತಂದೆತಾಯಿಯ ರಜೆ ಆಯಿತು. ಆರು ತಿಂಗಳು, ಸಂಬಳದ ಶೇ. 90, ಇಬ್ಬರಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಪ್ರಚಾರಕ್ಕೆ ಅಲ್ಲಿನ ಸರ್ಕಾರ ಒಂದು ಪೋಸ್ಟರ್ ಮಾಡಿತು. ಲೆನ್ನಾರ್ಟ್ ಡಾಲ್‌ಗ್ರೆನ್ ಎಂಬ ಭಾರ ಎತ್ತುವ ಕ್ರೀಡಾಪಟು, ನಮ್ಮ ಗರಡಿ ಪೈಲ್ವಾನರಂಥ ಮೈಕಟ್ಟು, ಆ ದಪ್ಪ ತೋಳಿನಲ್ಲಿ ಒಂದು ಎಳೆಗೂಸು. ಪೋಸ್ಟರ್ ತುಂಬಾ ಹೆಸರು ಮಾಡಿತು. ರಜೆ ಮಾತ್ರ ಗಂಡಸರು ತೆಗೆದುಕೊಳ್ಳಲಿಲ್ಲ. ತಮ್ಮ ಪಾಲನ್ನು ಹೆಂಡತಿಗೆ ಬರೆದುಕೊಟ್ಟು ಕೆಲಸಕ್ಕೆ ಹೋದರು. 20 ವರ್ಷ ಹೀಗೇ ನಡೆಯಿತು.

ಪಕ್ಕದ ನಾರ್ವೆ 1993ರಲ್ಲಿ ಒಂದು ಉಪಾಯ ಮಾಡಿತು. ನಾಲ್ಕು ವಾರ ತಂದೆಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಆ ವಾರಗಳು ಸತ್ತುಹೋಗುತ್ತವೆ, ಹೆಂಡತಿಗೂ ಸಿಗುವುದಿಲ್ಲ. ಕೆಲವೇ ವರ್ಷದಲ್ಲಿ ಹೆಚ್ಚಿನ ತಂದೆಯರು ರಜೆ ಹಾಕತೊಡಗಿದರು. ಬಿಟ್ಟಿ ಬರುವುದು ಹಾಳಾಗುತ್ತದೆ ಎಂದರೆ ಯಾವ ದೇಶದ ಮನುಷ್ಯನಿಗೂ ಸಂಕಟವೇ. ಸ್ವೀಡನ್ 1995ರಲ್ಲಿ ಇದನ್ನೇ ಅನುಸರಿಸಿ ಒಂದು ತಿಂಗಳು ಮೀಸಲಿಟ್ಟಿತು, 2002ರಲ್ಲಿ ಎರಡು, 2016ರಲ್ಲಿ ಮೂರು ತಿಂಗಳು. ಈಗ ಅಲ್ಲಿ ಒಂದು ಮಗುವಿಗೆ ಒಟ್ಟು 480 ದಿನ, ಅದರಲ್ಲಿ 390 ದಿನಕ್ಕೆ ಸಂಬಳದ ಶೇ. 80ರ ಹತ್ತಿರ. ತಂದೆಯರು ತೆಗೆದುಕೊಳ್ಳುವ ಪಾಲು ಶೇ. 30ರ ಆಸುಪಾಸು.

ದುಡ್ಡು? ಅಲ್ಲಿ ಪ್ರತಿ ಮಾಲೀಕನೂ ತನ್ನ ಪ್ರತಿ ಕೆಲಸಗಾರನ ಸಂಬಳದ ಮೇಲೆ ಒಂದು ಸಣ್ಣ ಪಾಲನ್ನು ಸಾಮಾಜಿಕ ವಿಮೆಗೆ ಕಟ್ಟುತ್ತಾನೆ. ಕೆಲಸಗಾರ ಗಂಡಾಗಲಿ ಹೆಣ್ಣಾಗಲಿ, 25 ವರ್ಷದವನಾಗಲಿ 60ರವನಾಗಲಿ, ಪಾಲು ಅಷ್ಟೇ. ಬಾಣಂತಿಯ ಹಣ ಆ ವಿಮೆಯಿಂದ ಬರುತ್ತದೆ. ಹೆಂಗಸನ್ನು ಇಟ್ಟುಕೊಂಡರೆ ಹೆಚ್ಚು ಖರ್ಚು ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ನಮ್ಮ 26 ವಾರಕ್ಕೂ ಅವರ 480 ದಿನಕ್ಕೂ ಇರುವ ದೊಡ್ಡ ವ್ಯತ್ಯಾಸ ದಿನಗಳದಲ್ಲ, ಇದು.

ಕಾನೂನಿದ್ದ ಮಾತ್ರಕ್ಕೆ ಎಲ್ಲಾ ಆಗುವುದಿಲ್ಲ ಎನ್ನಲು ಜಪಾನ್ ಸಾಕು. ತಂದೆಗೆ ಒಂದು ವರ್ಷದವರೆಗೂ ರಜೆ ಇದೆ. ಆದರೂ 2019ರಲ್ಲಿ ರಜೆ ಹಾಕಿದ ತಂದೆಯರು 100ಕ್ಕೆ ಏಳೆಂಟು. 2020ರಲ್ಲಿ ಕೊಯಿಜುಮಿ ಎಂಬ ಮಂತ್ರಿ ಎರಡು ವಾರ ರಜೆ ಹಾಕಿದ್ದೇ ಅಲ್ಲಿ ದೊಡ್ಡ ಸುದ್ದಿ. ಆಮೇಲೆ ನಿಯಮ ಬಿಗಿ ಮಾಡಿ 2023ರ ಹೊತ್ತಿಗೆ 30 ದಾಟಿತು. ಅದೇ 2020ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮ ತಂಡ 36 ರನ್ನಿಗೆ ಆಲೌಟಾದ ಮೇಲೆ ವಿರಾಟ್ ಕೊಹ್ಲಿ ಹೆಂಡತಿಯ ಹೆರಿಗೆಗೆಂದು ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರೆಲ್ಲ ಏನೇನು ಅಂದರೆಂದು ನಮಗೂ ನೆನಪಿದೆ, ನಿಮಗೂ ಇರಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನದ ಪಿತೃತ್ವ ರಜೆ ಉಂಟು. ಖಾಸಗಿಯವರಿಗೆ ಕೊಡಲೇಬೇಕೆಂಬ ಕಾನೂನಿಲ್ಲ.

ಅಮೆರಿಕದ ಸೊನ್ನೆಯ ಕತೆ ಚಿಕ್ಕದು. 1919ರ ಒಪ್ಪಂದಕ್ಕೆ ಜಾಗ ಕೊಟ್ಟ ದೇಶ ಅದು, ಆದರೆ ಆಗ ಆ ಸಂಘಟನೆಯ ಸದಸ್ಯನಾಗಿರಲಿಲ್ಲ. ಹಿರಿಯ ಬುಷ್ ಅಧ್ಯಕ್ಷರಾಗಿದ್ದಾಗ ರಜೆಯ ಮಸೂದೆಯನ್ನು ಎರಡು ಸಲ ತಡೆದರು. 1993ರಲ್ಲಿ ಕ್ಲಿಂಟನ್ ಸಹಿ ಹಾಕಿದರು. 12 ವಾರ ರಜೆ, ಸಂಬಳ ಇಲ್ಲ, ಅದೂ 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿಗಳಲ್ಲಿ. 1877ರ ಸ್ವಿಟ್ಜರ್ಲೆಂಡ್ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ವಿಮೆ ಮಾಡಿಕೊಂಡಿವೆ. ಅಲ್ಲಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮೂರ ಮಕ್ಕಳ ಬಾಣಂತನಕ್ಕೆ ಅಮ್ಮಂದಿರು ಆರು ತಿಂಗಳ ವೀಸಾ ಮಾಡಿಸಿ, ಮೆಂತ್ಯ, ಓಮ ಕಟ್ಟಿಕೊಂಡು ವಿಮಾನ ಹತ್ತುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಆದ ಮೇಲೂ ನಮ್ಮ ಓದುಗರಲ್ಲಿ ಹೆಚ್ಚಿನವರ ಮನೆಗೆ ಇದ್ಯಾವುದೂ ಬಂದಿಲ್ಲ. ಸ್ವಂತ ಹೊಲದಲ್ಲಿ ದುಡಿಯುವವಳಿಗೆ ಮಾಲೀಕನಿಲ್ಲ. ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುವವಳಿಗೆ ದಿನಕ್ಕೊಬ್ಬ ಮಾಲೀಕ. ಬೀಡಿ ಕಟ್ಟುವವಳು, ಹಸು ಕಟ್ಟಿ ಡೇರಿಗೆ ಹಾಲು ಹಾಕುವವಳು, ಹೂ ಮಾರುವವಳು, ಇವರ ಹಾಜರಿ ಪುಸ್ತಕ ಎಲ್ಲೂ ಇಲ್ಲ. 26 ವಾರ ಎಂದು ಬರೆದ ಧ್ವಜ ಇವರದಲ್ಲ.

ಇವರಿಗೆ ಕಾನೂನು ಬಂದದ್ದು 2013ರಲ್ಲಿ, ಪಡಿತರದ ಕಾನೂನಿನ ಒಳಗೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮು, ಸರ್ಕಾರಿ ಸಂಬಳ ಪಡೆಯುವವರನ್ನೂ ಬೇರೆ ಕಾಯ್ದೆಯಲ್ಲಿ ಹೆರಿಗೆ ಸೌಲಭ್ಯ ಇರುವವರನ್ನೂ ಬಿಟ್ಟು, ಪ್ರತಿ ಬಸುರಿಗೂ ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಎನ್ನುತ್ತದೆ. ಅಂಬೇಡ್ಕರ್ 1928ರಲ್ಲಿ ಹೇಳಿದ ಮೊದಲ ಅರ್ಧ, ಸರ್ಕಾರವೇ ಹೊರಬೇಕು ಎಂಬುದು, 85 ವರ್ಷದ ಮೇಲೆ ಕಾನೂನಿನ ಪುಸ್ತಕ ಸೇರಿತು. ಜಾರಿಗೆ ಬಂದದ್ದು 2017ರಲ್ಲಿ, ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಾಗಿ. 6,000 ಎಂಬುದು 5,000 ಆಯಿತು, ಪ್ರತಿ ಹೆರಿಗೆಗೆ ಎಂಬುದು ಮೊದಲ ಮಗುವಿಗೆ ಮಾತ್ರ ಎಂದಾಯಿತು. ಜನನಿ ಸುರಕ್ಷಾ ಯೋಜನೆಯ ಹಣ ಸೇರಿದರೆ ಸರಾಸರಿ 6,000 ಆಗುತ್ತದೆ ಎಂಬುದು ಸರ್ಕಾರದ ಲೆಕ್ಕ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಆ ಯೋಜನೆಯ ಹಣ 700 ರೂಪಾಯಿ. ಕೂಡಿಸಿ ನೋಡಿ, 5,700. 2022ರಿಂದ ಎರಡನೆಯದು ಹೆಣ್ಣಾದರೆ 6,000 ಕೊಡುತ್ತಾರೆ. ಗಂಡಾದರೆ ಇಲ್ಲ. ಹೆಣ್ಣು ಮಗುವನ್ನು ಉಳಿಸುವ ಉದ್ದೇಶ ಒಳ್ಳೆಯದೇ, ಆದರೆ ಗಂಡು ಹೆತ್ತವಳ ಸೊಂಟ ಬೇರೆ ಥರ ನೋಯುತ್ತದೆಯೇ?

ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು ಯೋಜನೆ 1987ರಿಂದ ಇದೆ. 2018ರಿಂದ ಅದು 18,000 ರೂಪಾಯಿ, ಅದರಲ್ಲಿ 4,000 ಪೌಷ್ಟಿಕ ಆಹಾರದ ಕಿಟ್ ರೂಪದಲ್ಲಿ, ಕೇಂದ್ರದ ಹಣವೂ ಅದರೊಳಗೇ. ನಮ್ಮಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಬಂದು ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ ಸಿಗುತ್ತಿದೆ. ಊಟ ಸಿಗುತ್ತದೆ, ಹೋದ ಕೂಲಿ ಸಿಗುವುದಿಲ್ಲ.

ನಾವು ಕೂತು ಒಂದು ಲೆಕ್ಕ ಹಾಕಿದೆವು. 26 ವಾರ ಅಂದರೆ 182 ದಿನ. ಆನೆಮಲೆಯ ಆ ಹೆಂಗಸು ಕಲಿಸಿಕೊಟ್ಟಂತೆ ಭಾನುವಾರವನ್ನೂ ಸೇರಿಸಿದ್ದೇವೆ. 5,000 ರೂಪಾಯಿಯನ್ನು 182ರಿಂದ ಭಾಗಿಸಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಆ ಹಣವೂ ಕಂತಿನಲ್ಲಿ ಬರುತ್ತದೆ, ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಮದುವೆಯಾಗಿ ಬಂದವಳ ಆಧಾರ್ ವಿಳಾಸ ತವರಿನದು, ಪಡಿತರ ಚೀಟಿ ಗಂಡನ ಮನೆಯದು, ಹೆರಿಗೆ ಮತ್ತೆ ತವರಲ್ಲಿ. ಅರ್ಜಿ ಯಾವ ಅಂಗನವಾಡಿಯಲ್ಲಿ ಹಾಕಬೇಕು ಎಂಬ ಗೊಂದಲ ನಮ್ಮಲ್ಲಿ ಮೂರು ಜನರ ಮನೆಯಲ್ಲೇ ಆಗಿದೆ. ವಾಸ ಇರುವ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಮೊದಲ ತಿಂಗಳುಗಳಲ್ಲೇ ಕಂಡು ಹೆಸರು ಬರೆಸಿ, ತವರಿಗೆ ಹೋಗುವಾಗ ತಾಯಿ ಕಾರ್ಡನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ.

ಅಂದಹಾಗೆ ಸ್ವೀಡನ್ನಿನಲ್ಲಿ 2024ರ ಜುಲೈಯಿಂದ ಒಂದು ಹೊಸ ನಿಯಮ ಬಂದಿದೆ. ತಂದೆ ತಾಯಿ ತಮ್ಮ ರಜೆಯಲ್ಲಿ ತಲಾ 45 ದಿನದವರೆಗೆ ಬೇರೆಯವರಿಗೆ ಬರೆದುಕೊಡಬಹುದು. ಅಜ್ಜಿಯಾದರೂ ಸರಿ. ಮೊಮ್ಮಗುವನ್ನು ಎತ್ತಿಕೊಂಡ ದಿನಕ್ಕೆ ಆ ಅಜ್ಜಿಯ ಖಾತೆಗೆ ಸರ್ಕಾರದಿಂದ ಹಣ ಬರುತ್ತದೆ. ಇದನ್ನು ನಮ್ಮಲ್ಲೊಬ್ಬಳು ತನ್ನ ಅವ್ವನಿಗೆ ಓದಿ ಹೇಳಿದಳು. ಮೂರು ಹೆಣ್ಣುಮಕ್ಕಳ ಐದು ಬಾಣಂತನ ಮಾಡಿದಾಕೆ. ಒಲೆಯ ಮುಂದಿಂದ ಎದ್ದು ಬಂದು, ದಿನಕ್ಕೆ ಎಷ್ಟಂತೆ ಎಂದು ಕೇಳಿದರು.